ಒಂದೇ ಮನೆಯಲ್ಲಿ ಇಬ್ಬರು ಪುಲಿಕೇಶಿ: ತಾಳವಾಡಿಯ ಒಂದು ಪ್ರಕರಣ

ಹುಡುಗಿ ಪುಸ್ತಕ ತಂದು ಮೇಜಿನ ಮೇಲೆ ಇಟ್ಟಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಪುಟಗಳ ಅಂಚು. ಅಂಚೆಲ್ಲ ಹಳದಿ. ಬೇಯಿಸಿದ ಅರಿಸಿನವನ್ನು ಕಣದಲ್ಲಿ ಹರವಿ, ದನ ಆಡು ಬಾರದ ಹಾಗೆ ಕಾಯುತ್ತಾ ಕೂತು ಓದಿದ್ದಳು. ಕೊಂಬು ತಿರುವಿ ಹಾಕಿದ ಕೈಯಲ್ಲೇ ಪುಟ ತಿರುವಿದ್ದಳು. ಕೆಲವು ಪುಟದಲ್ಲಿ ಒಂದು ಹೆಬ್ಬೆರಳಿನ ಗುರುತು, ಕೆಲವು ಪುಟದಲ್ಲಿ ನಾಲ್ಕೈದು. ಎಲ್ಲಕ್ಕಿಂತ ಜಾಸ್ತಿ ಹಳದಿಯಾಗಿದ್ದ ಪುಟ ತೆಗೆದು ನೋಡಿದೆ. ಸೆರೆ ಸಿಕ್ಕ ಜನರಿಗೆ ಬೀಳುವ ಚಾಟಿಯೇಟು ತಪ್ಪಿಸಲಿಕ್ಕೆ ಕಾದಂಬರಿಯ ನಾಯಕಿ ಶಿವಕಾಮಿ, ಪುಲಿಕೇಶಿಯ ರಾಜಧಾನಿ ವಾತಾಪಿಯ (ಈಗಿನ ಬಾದಾಮಿಯ) ನಡುಬೀದಿಯಲ್ಲಿ ಕುಣಿಯುವ ಜಾಗ ಅದು.

'ಸಾರ್, ಪುಲಿಕೇಶಿ ಒಳ್ಳೆಯವನಾ, ಕೆಟ್ಟವನಾ?' ಎಂದು ಕೇಳಿದಳು.

ಒಂಬತ್ತನೇ ಕ್ಲಾಸಿನ ಹುಡುಗಿ. ನಾನು ಅವಳ ಕನ್ನಡ ಮೇಷ್ಟ್ರು. ಮುಂದಿನ ಎರಡು ತಿಂಗಳು ಈ ಪ್ರಶ್ನೆಯ ಹಿಂದೆ ನಾವೆಲ್ಲ ಹೇಗೆ ಅಲೆದೆವು ಅನ್ನುವುದನ್ನು ಆದಷ್ಟು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಐತಿಹಾಸಿಕ ಕಾದಂಬರಿಗಳು ಒಂದು ನಾಡಿನ ಸಾಹಿತ್ಯವನ್ನು ಹೇಗೆ ಕಟ್ಟಿದವು ಅಂತ ನಾನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದು ಅರ್ಥವಾದದ್ದು ನಮ್ಮ ಶಾಲೆಯ ಜಗಲಿಯ ಮೇಲೆ.

ಊರು ಮತ್ತು ಮನೆ

ತಾಳವಾಡಿ ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ. ಜಿಲ್ಲಾ ಕಚೇರಿಗೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ, ನೂರು ಕಿಲೋಮೀಟರಿಗಿಂತ ಜಾಸ್ತಿ ಹೋಗಬೇಕು. ಚಾಮರಾಜನಗರ ಇಲ್ಲೇ ಮಗ್ಗುಲಲ್ಲಿದೆ. ಹೆಣ್ಣು ಕೊಡುವುದು ತರುವುದು ಬಹಳಷ್ಟು ಆ ಕಡೆಗೇ. 1956ರಲ್ಲಿ ಭಾಷೆ ನೋಡಿ ರಾಜ್ಯಗಳನ್ನು ಹಂಚಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು. ಅದೇ ಜಿಲ್ಲೆಯ ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ಮನೆಮಾತು ಕನ್ನಡ, ಕಾಗದಪತ್ರ ತಮಿಳು.

2006ರ ಕಾಯ್ದೆಯ ನಂತರ ಕನ್ನಡ ಮಾಧ್ಯಮದ ಮಕ್ಕಳಿಗೂ ತಮಿಳು ಪಾಠ ಕಡ್ಡಾಯವಾಯಿತು. ಅದು ಬಂದ ರೀತಿಯ ಬಗ್ಗೆ ನನಗೆ ಇವತ್ತಿಗೂ ಬೇಸರವಿದೆ. ಆದರೆ ಅದರಿಂದ ಇನ್ನೊಂದೂ ಆಯಿತು, ಅದನ್ನೂ ಹೇಳಲೇಬೇಕು. ನಮ್ಮ ಮಕ್ಕಳು ಈಗ ತಮಿಳು ಕಾದಂಬರಿಯನ್ನು ಸಲೀಸಾಗಿ ಓದುತ್ತಾರೆ. ತಮಿಳು ಕಾದಂಬರಿಕಾರ ಕಲ್ಕಿ ಅವರ ಬರಹಗಳನ್ನು ತಮಿಳುನಾಡು ಸರಕಾರ ರಾಷ್ಟ್ರೀಕರಣ ಮಾಡಿರುವುದರಿಂದ ಬೇರೆ ಬೇರೆ ಪ್ರಕಾಶಕರು ಅಗ್ಗದ ಬೆಲೆಗೆ ಅಚ್ಚು ಹಾಕುತ್ತಾರೆ. ಸತ್ಯಮಂಗಲದಲ್ಲಿ ಓದುವ ಮಾವನ ಮಗ ಈ ಹುಡುಗಿಗೆ 'ಶಿವಕಾಮಿಯಿನ್ ಶಪಥಂ' ಕಾದಂಬರಿಯ ನಾಲ್ಕೂ ಭಾಗ ತಂದುಕೊಟ್ಟಿದ್ದ.

ಮನೆಯಲ್ಲಿ ಅವಳ ಅಜ್ಜಿ ಇದ್ದಾರೆ. ಓದು ಬರಹ ಬಾರದು. ಅಜ್ಜಿಯ ಪುಲಿಕೇಶಿ ಬಂದದ್ದು ಟೆಂಟ್ ಸಿನಿಮಾದಿಂದ. 1967ರ 'ಇಮ್ಮಡಿ ಪುಲಿಕೇಶಿ'ಯನ್ನು ಅವರು ಹುಡುಗಿಯಾಗಿದ್ದಾಗ ನೋಡಿದ್ದರು. ಪುಲಿಕೇಶಿಯಾಗಿ ನಿಂತದ್ದು ರಾಜ್‌ಕುಮಾರ್. ರಾಜ್‌ಕುಮಾರ್ ಅವರ ಗಾಜನೂರು ಇದೇ ತಾಳವಾಡಿ ಸೀಮೆಯ ಊರು. ಬಾದಾಮಿ ಎಲ್ಲಿದೆಯೋ ಅಜ್ಜಿಗೆ ಗೊತ್ತಿಲ್ಲ. ಪುಲಿಕೇಶಿ ಮಾತ್ರ ಪಕ್ಕದೂರಿನ ಹುಡುಗ.

ನಡೆದದ್ದು

ರಾತ್ರಿ ಊಟ ಆದಮೇಲೆ ಹುಡುಗಿ ತಮಿಳು ಪುಸ್ತಕ ಹಿಡಿದು, ಓದುತ್ತಾ ಓದುತ್ತಾ ಕನ್ನಡದಲ್ಲಿ ಅಜ್ಜಿಗೆ ಹೇಳುತ್ತಿದ್ದಳಂತೆ. ಶಿಲ್ಪಿ ಆಯನರ್, ಅವನ ಮಗಳು ಶಿವಕಾಮಿ, ಅವಳ ಕುಣಿತ, ಪಲ್ಲವರ ರಾಜಕುಮಾರ ನರಸಿಂಹವರ್ಮನ ಮೇಲೆ ಅವಳಿಗಿದ್ದ ಪ್ರೀತಿ. ಅಜ್ಜಿಗೆ ಕತೆ ಹಿಡಿಸಿತು. ಎರಡು ಭಾಗ ಮುಗಿಯುವವರೆಗೆ ಎಲ್ಲ ಸರಿಯಿತ್ತು. ಪುಲಿಕೇಶಿ ದಂಡು ತಂದು ಕಂಚಿಗೆ ಮುತ್ತಿಗೆ ಹಾಕಿದಾಗಲೂ ಅಜ್ಜಿ, 'ರಾಜ ಅಂದ್ಮೇಲೆ ದಂಡಿಗೆ ಹೋಗ್ದೆ ಇದ್ದಾನಾ' ಅಂದರು. ಹಿಂದಿರುಗುವಾಗ ಚಾಲುಕ್ಯರ ಸೈನ್ಯ ಪಲ್ಲವ ನಾಡಿನಲ್ಲಿ ಮಾಡಿದ ಹಿಂಸೆ, ಶಿವಕಾಮಿಯ ಸೆರೆ ಬಂದಾಗ ಅಜ್ಜಿ ಕೈ ಎತ್ತಿ ನಿಲ್ಲಿಸಿದರು.

'ಬುಡು ಕೂಸೇ ಸಾಕು. ಅದ್ಯಾವ ಸೀಮೆ ಪುಲಿಕೇಶಿ? ನಮ್ಮ ಅಣ್ಣಾವ್ರು ಅಂಥ ಕೆಲ್ಸ ಮಾಡಾರಾ?'

ಅಲ್ಲಿಗೆ ಓದು ನಿಂತಿತು. ಮಾರನೆಯ ದಿನ ಹುಡುಗಿ ಇದನ್ನು ಕ್ಲಾಸಿನಲ್ಲಿ ಗೆಳತಿಯರಿಗೆ ಹೇಳಿದಳು. ಹಿಂದಿನ ಬೆಂಚಿನ ಹುಡುಗ ಕೇಳಿಸಿಕೊಂಡು, 'ನೀನು ತಮಿಳರ ಕಡೆಯೋಳು' ಅಂದ. ಅವಳು ಅವನ ನೋಟ್‌ಬುಕ್ ಹರಿದಳು. ವಿಷಯ ನನ್ನ ಮೇಜಿಗೆ ಬಂದದ್ದು ಹಾಗೆ.

ಮೊದಲ ದಿನ ನಾನು ಮಾಡಿದ್ದು ತಪ್ಪು. 'ಅದು ಬರೀ ಕಟ್ಟುಕತೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ' ಎಂದೆ. ಜಗಳ ಬಿಡಿಸುವ ಅವಸರ ನನಗೆ. ಅವಳು ಒಂದು ನಿಮಿಷ ಸುಮ್ಮನಿದ್ದು, 'ಹಾಗಾದ್ರೆ ಅಜ್ಜಿದೂ ಕಟ್ಟುಕತೆನಾ ಸಾರ್?' ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಭಾನುವಾರ ಶಾಲೆಯ ಜಗಲಿಯಲ್ಲಿ ನಡೆಯುವ ಓದಿನ ಕೂಟಕ್ಕೆ ಬಾ, ಎಲ್ಲರೂ ಸೇರಿ ನೋಡೋಣ ಎಂದೆ. ಅಜ್ಜಿಯನ್ನೂ ಕರೆದುಕೊಂಡು ಬಾ ಎಂದೆ.

ಕಲ್ಲು ಏನು ಹೇಳುತ್ತದೆ

ಮೊದಲ ಭಾನುವಾರ ಹನ್ನೊಂದು ಮಕ್ಕಳು ಬಂದಿದ್ದರು. ಕರಿಹಲಗೆಯ ನಡುವೆ ಒಂದು ಗೆರೆ ಎಳೆದೆ.

ಎಡಗಡೆ ಐಹೊಳೆ. ಮೇಗುತಿ ಬಸದಿಯ ಗೋಡೆಯಲ್ಲಿ ಪುಲಿಕೇಶಿಯ ಕವಿ ರವಿಕೀರ್ತಿ ಬರೆದ ಸಂಸ್ಕೃತ ಶಾಸನವಿದೆ. ಕಾಲ ಕ್ರಿ.ಶ. 634. ನರ್ಮದೆಯ ಕಡೆಯಿಂದ ಬಂದ ಹರ್ಷನ ಹರ್ಷವೇ ಹೋಯಿತು ಅನ್ನುತ್ತದೆ. ಪುಲಿಕೇಶಿಯ ಸೈನ್ಯದ ಧೂಳು ಎದ್ದಾಗ ಪಲ್ಲವ ರಾಜ ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿಕೊಂಡ ಅನ್ನುತ್ತದೆ.

ಬಲಗಡೆ ಕೂರಂ. ಕಂಚಿಯ ಹತ್ತಿರದ ಊರು. ಅಲ್ಲಿ ಸಿಕ್ಕ ತಾಮ್ರಪಟಗಳು ನರಸಿಂಹವರ್ಮನ ಮೊಮ್ಮಗನ ಮಗ ಪರಮೇಶ್ವರವರ್ಮನ ಕಾಲದವು ಅಂತ ಬರೆಯಲು ಹೋಗಿ ಮಕ್ಕಳ ಎದುರೇ ವಂಶಾವಳಿ ಮತ್ತೆ ಲೆಕ್ಕ ಹಾಕಿದೆ. ಮೊಮ್ಮಗ. ನರಸಿಂಹವರ್ಮ, ಇಮ್ಮಡಿ ಮಹೇಂದ್ರವರ್ಮ, ಪರಮೇಶ್ವರವರ್ಮ. ಬಳಪ ಅಳಿಸಿ ತಿದ್ದಿದೆ. ಆ ತಾಮ್ರಪಟ ಏನು ಹೇಳುತ್ತದೆ ಗೊತ್ತಾ? ಯುದ್ಧದಲ್ಲಿ ಬೆನ್ನು ತೋರಿಸಿದ ಪುಲಿಕೇಶಿಯ ಬೆನ್ನನ್ನೇ ಹಲಗೆ ಮಾಡಿಕೊಂಡು ನರಸಿಂಹವರ್ಮ ಅದರ ಮೇಲೆ 'ವಿಜಯ' ಅಂತ ಅಕ್ಷರ ಬರೆದ ಅನ್ನುತ್ತದೆ.

ಮಕ್ಕಳು ಜೋರಾಗಿ ನಕ್ಕರು. ಒಬ್ಬ, 'ಇವನು ಗೋಡೆ ಹಿಂದೆ, ಅವನು ಬೆನ್ನು ಹಾಕ್ಕೊಂಡು' ಅಂದ. ಅವನು ಅಂದದ್ದರಲ್ಲಿ ಇಡೀ ಪಾಠ ಇತ್ತು. ಎರಡೂ ಆಯಾ ಅರಮನೆಯ ಹೊಗಳಿಕೆ. ರವಿಕೀರ್ತಿ ಬರೆದು ಎಂಟು ವರ್ಷಕ್ಕೆ, 642ರಲ್ಲಿ, ನರಸಿಂಹವರ್ಮ ವಾತಾಪಿಯನ್ನು ಹಿಡಿದ. 'ವಾತಾಪಿಕೊಂಡ' ಎಂಬ ಬಿರುದು ಅವನಿಗೆ ಬಂತು. ಅವನ ಹೆಸರಿನ ಶಾಸನ ಬಾದಾಮಿಯ ಬಂಡೆಯ ಮೇಲೆ ಇದೆ.

ಹುಡುಗಿ ಎರಡೂ ಕಡೆ ಓದಿ ನೋಡಿದಳು. 'ಶಿವಕಾಮಿ ಎಲ್ಲಿ?' ಎಂದಳು.

ಇಲ್ಲ. ಕಲ್ಲಿನಲ್ಲೂ ಇಲ್ಲ, ತಾಮ್ರದಲ್ಲೂ ಇಲ್ಲ. ನರಸಿಂಹವರ್ಮ ಇದ್ದ. ಅವನ ಸೇನಾಪತಿ ಪರಂಜ್ಯೋತಿಯ ಕತೆ ಶಿವಭಕ್ತರ ಕತೆ ಹೇಳುವ 12ನೇ ಶತಮಾನದ ತಮಿಳು ಕಾವ್ಯ ಪೆರಿಯಪುರಾಣದಲ್ಲಿ ಇದೆ. ಶಿವಕಾಮಿ ಕಾದಂಬರಿಕಾರರು ಹುಟ್ಟಿಸಿದವಳು. ನಾನು ಇದನ್ನು ಹೇಳಿದಾಗ ಹುಡುಗಿಯ ಮುಖ ಕೆಂಪಾಯಿತು. ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು. 'ಅವಳು ಇಲ್ದೇ ಇದ್ರೆ ವಾತಾಪಿ ಸುಟ್ಟಿದ್ದು ಯಾಕೆ ಸಾರ್?'

ಆ ಪ್ರಶ್ನೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಇಡೀ ಪ್ರಕರಣದ ತಿರುಳು ನನಗೆ ಸಿಕ್ಕಿದ್ದು ಅಲ್ಲೇ. ಶಾಸನ ಓದಿದರೆ ಯುದ್ಧಕ್ಕೆ ಕಾರಣ ನೆಲ, ಕಪ್ಪ, ನರಸಿಂಹವರ್ಮನ ಅಪ್ಪನಿಗಾದ ಸೋಲಿನ ಸೇಡು. ಇಂಥ ಕಾರಣಕ್ಕೆ 1300 ವರ್ಷದ ನಂತರ ಯಾರ ಕಣ್ಣಿನಲ್ಲೂ ನೀರು ಬರುವುದಿಲ್ಲ. ಕಾದಂಬರಿ ಅಲ್ಲಿ ಒಂದು ಹೆಣ್ಣನ್ನು ತಂದು ನಿಲ್ಲಿಸುತ್ತದೆ. ಈ ಊರು ಸುಟ್ಟು ಬೂದಿಯಾಗುವ ತನಕ ಇಲ್ಲಿಂದ ಕದಲುವುದಿಲ್ಲ ಅಂತ ಅವಳ ಕೈಯಲ್ಲಿ ಶಪಥ ಮಾಡಿಸುತ್ತದೆ. ಆಗ ಕಂಚಿಯ ದಂಡು ಓದುವವನ ದಂಡಾಗುತ್ತದೆ, ವಾತಾಪಿ ಓದುವವನ ಹಗೆಯ ಊರಾಗುತ್ತದೆ. ರಾಜ ನಮ್ಮವನು ಅನ್ನಿಸುವುದು ಅವನು ಗೆದ್ದ ಊರುಗಳ ಪಟ್ಟಿಯಿಂದ ಅಲ್ವೇ ಅಲ್ಲ. ಅವನು ಯಾರನ್ನು ಪ್ರೀತಿಸಿದ, ಅವಳನ್ನು ಯಾರು ಕಿತ್ತುಕೊಂಡರು ಅನ್ನುವುದರಿಂದ.

ಯಾಕೆ ಹೀಗೆ ಬರೆದರು

ಎರಡನೇ ಭಾನುವಾರ ಅಜ್ಜಿಯೂ ಬಂದರು. ಮಳೆ ಬಂದು ಜಗಲಿ ಒದ್ದೆಯಾಗಿತ್ತು, ಒಳಗೆ ಕೂತೆವು. ಅವತ್ತು ನಾನು ಜಾಸ್ತಿ ಮಾತಾಡಿದೆ.

ಕಲ್ಕಿ ಈ ಕತೆಯನ್ನು ತಮ್ಮ ಪತ್ರಿಕೆಯಲ್ಲಿ ವಾರವಾರ ಬರೆದದ್ದು 1944ರಿಂದ 1946ರವರೆಗೆ. ಅವರು ಗಾಂಧಿಯವರ ಕಡೆಯವರು, ಸ್ವಾತಂತ್ರ್ಯದ ಹೋರಾಟದಲ್ಲಿ ಜೈಲಿಗೆ ಹೋಗಿ ಬಂದವರು. ಪರರ ಊರಿನಲ್ಲಿ ಸೆರೆಯಾಗಿ, ಬಿಡುಗಡೆಗೆ ಕಾಯುತ್ತಾ ಕೂತ ಹೆಣ್ಣು ಅಂದರೆ ಆ ದಿನಗಳ ಓದುಗರಿಗೆ ಬರೀ ಒಬ್ಬ ನರ್ತಕಿ ಅನ್ನಿಸಿರಲಿಕ್ಕಿಲ್ಲ. ಇದು ನನ್ನ ಓದು. ಹೀಗೆ ಓದಿದಾಗ ಪುಲಿಕೇಶಿಯ ಮೇಲೆ ಬಿದ್ದ ಕಪ್ಪು ಬಣ್ಣ ನನಗೆ ಅಷ್ಟು ಚುಚ್ಚುವುದಿಲ್ಲ.

ಈ ಬಗೆಯ ಕತೆ ಹುಟ್ಟಿದ್ದು ತಮಿಳಿನಲ್ಲೂ ಅಲ್ಲ. 1814ರಲ್ಲಿ ವಾಲ್ಟರ್ ಸ್ಕಾಟ್ ತನ್ನ ಸ್ಕಾಟ್ಲೆಂಡಿನ ಹಳೆಯ ದಂಗೆಯೊಂದನ್ನು ಕಾದಂಬರಿ ಮಾಡಿದ. ನಿಜವಾದ ಯುದ್ಧ, ಕಲ್ಪನೆಯ ಪ್ರೇಮ, ಎರಡನ್ನೂ ಹೆಣೆಯುವ ಆ ಹದ ಹಿಂದೂಸ್ತಾನಕ್ಕೂ ಬಂತು. ಬಂಗಾಳಿಯಲ್ಲಿ ಬಂಕಿಮಚಂದ್ರರು 1865ರಲ್ಲಿ 'ದುರ್ಗೇಶನಂದಿನಿ' ಬರೆದರು. ಮಲಯಾಳದಲ್ಲಿ ಸಿ.ವಿ. ರಾಮನ್ ಪಿಳ್ಳೆಯವರ 'ಮಾರ್ತಾಂಡವರ್ಮ' 1891ರಲ್ಲಿ ಬಂತು. ಮರಾಠಿಯಲ್ಲಿ ಹರಿ ನಾರಾಯಣ ಆಪ್ಟೆ.

ಕನ್ನಡದ ಕತೆ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಅದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿತು ಅಂತ ಮಕ್ಕಳು ಆಮೇಲೆ ಹೇಳಿದರು. ಆಗ ಕನ್ನಡದವರಿಗೆ ಒಂದು ರಾಜ್ಯ ಅಂತ ಇರಲಿಲ್ಲ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಅಂತ ಹರಿದು ಹಂಚಿಹೋಗಿದ್ದರು. ನಿಮಗೂ ರಾಜರಿದ್ದರು ಕಣ್ರಪ್ಪಾ ಅಂತ ಯಾರಾದರೂ ಹೇಳಬೇಕಿತ್ತು. ಬಿ. ವೆಂಕಟಾಚಾರ್ಯರು ಬಂಕಿಮರನ್ನು ಕನ್ನಡಕ್ಕೆ ತಂದರು. ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ' ಬರೆದರು. ಗಳಗನಾಥರು ಕಾದಂಬರಿ ಬರೆದು, ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಅಜ್ಜಿಗೆ ಈ ಮಾತು ನಾಟಿತು. 'ಪಾತ್ರೆ ಮಾರೋರ ಹಂಗೆ ಪುಸ್ತಕ ಹೊತ್ರಾ?' ಎಂದು ಎರಡು ಸಲ ಕೇಳಿದರು.

ಹೌದು ಅಜ್ಜಿ, ಹೊತ್ತರು. ಅವರು ಹೊತ್ತ ಪುಸ್ತಕಗಳಲ್ಲಿ ಮರಾಠಿಯಿಂದ ಬಂದವು ಎಷ್ಟೋ ಇದ್ದವು. ವಿಜಯನಗರ ಬಿದ್ದುಹೋದ ಸಂಕಟವನ್ನು ಹೇಳುವ 'ಕನ್ನಡಿಗರ ಕರ್ಮಕಥೆ' ಕೂಡ ಆಪ್ಟೆಯವರ ಮರಾಠಿ ಕಾದಂಬರಿಯನ್ನು ಆಧರಿಸಿದ್ದು. ಕನ್ನಡಿಗರು ತಮ್ಮ ಸೋಲಿಗೆ ಅಳುವುದನ್ನೂ ಪಕ್ಕದ ಭಾಷೆಯವರ ಕೈಯಿಂದ ಪಡೆದುಕೊಂಡರು. ಇದನ್ನು ನಾನು ಕೊರತೆ ಅಂತ ಹೇಳುತ್ತಿಲ್ಲ. ಗಡಿಯಲ್ಲಿ ಇರುವ ನನಗೆ ಇದು ಸಮಾಧಾನ ಕೊಡುತ್ತದೆ. ನೆರೆಮನೆಯಿಂದ ಹೆಪ್ಪು ತಂದು ನಮ್ಮ ಹಾಲಿಗೆ ಹಾಕಿದರೆ ಮೊಸರು ನಮ್ಮದೇ ಅಲ್ವಾ? 1923ರಲ್ಲಿ ಗಳಗನಾಥರದೇ 'ಮಾಧವ ಕರುಣಾವಿಲಾಸ' ಬಂತು. ಅಲ್ಲಿರುವುದು ವಿಜಯನಗರ ಹುಟ್ಟಿದ ಕತೆ.

ಹಿಂದಿನ ಬೆಂಚಿನ ಹುಡುಗ ಅವತ್ತು ಬಂದಿದ್ದ. ಬಾಗಿಲ ಹತ್ತಿರ ನಿಂತೇ ಇದ್ದ. 'ಹಾಗಾದ್ರೆ ನಮ್ಮೋರು ತಮಿಳು ರಾಜನ್ನ ಕೆಟ್ಟೋನು ಅಂತ ಬರೆದಿಲ್ವಾ?' ಎಂದ. ಬರೆಯುವ ಹದ ಎಲ್ಲ ಕಡೆ ಅದೇ, ಹಗೆ ಇಲ್ಲದೆ ಆ ಕತೆ ನಡೆಯುವುದಿಲ್ಲ, ನಮ್ಮ ಕಾದಂಬರಿಗಳಲ್ಲೂ ಎದುರಾಳಿಗೆ ಬಣ್ಣ ಬಳಿಯುವುದು ನಡೆದಿದೆ ಎಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ. ಆಮೇಲೆ ಅವನು ಬರಲಿಲ್ಲ. ಎರಡು ಸಲ ಮನೆಗೆ ಹೋದೆ. ಹೊಲದ ಕೆಲಸ ಮುಗಿಯಲಿ, ಕಳಿಸ್ತೀನಿ ಮೇಷ್ಟ್ರೇ ಅಂದರು ಅವರಪ್ಪ. ನಾನು ಅವನಿಗೆ ಸರಿಯಾಗಿ ಹೇಳಲಿಲ್ಲ ಅನ್ನುವ ಕೊರಗು ಇದೆ.

ಅವನು ಬಂದಿದ್ದರೆ ಮಾಸ್ತಿಯವರ ಬಗ್ಗೆ ಹೇಳಬೇಕು ಅಂತಿದ್ದೆ. ಕರ್ನಾಟಕ ಒಂದಾದ ವರ್ಷವೇ, 1956ರಲ್ಲಿ, 'ಚಿಕವೀರ ರಾಜೇಂದ್ರ' ಬಂತು. ಕೊಡಗಿನ ಕೊನೆಯ ರಾಜನ ಕತೆ. ಎಲ್ಲರೂ ನಾಡಿನ ಹೆಮ್ಮೆಯಲ್ಲಿ ತೇಲುತ್ತಿದ್ದ ಹೊತ್ತಿಗೆ ಮಾಸ್ತಿ ಒಬ್ಬ ಕೆಟ್ಟ ರಾಜನನ್ನು, ಕ್ರೂರಿಯನ್ನು, ತನ್ನ ಕೈಯಿಂದಲೇ ರಾಜ್ಯ ಕಳೆದುಕೊಂಡವನನ್ನು ಎದುರಿಗೆ ಇಟ್ಟರು. ಹಗೆಯನ್ನು ಹೊರಗೆ ಹುಡುಕಲಿಲ್ಲ. ಹಾಗಂತ ಅವನನ್ನು ತುಳಿಯಲೂ ಇಲ್ಲ. ಓದುವಾಗ ಆ ರಾಜನ ಮೇಲೆ ಸಿಟ್ಟೂ ಬರುತ್ತದೆ, ಅಯ್ಯೋ ಅಂತಲೂ ಅನ್ನಿಸುತ್ತದೆ. ಇದಕ್ಕೇ 1983ರ ಜ್ಞಾನಪೀಠ ಬಂದದ್ದು. ಮಾಸ್ತಿಯವರ ಮನೆಮಾತು ತಮಿಳು. ನಮ್ಮ ಊರಿನ ಮಕ್ಕಳಿಗೆ ಇದನ್ನು ಹೇಳಿದಾಗಲೆಲ್ಲ ಅವರ ಕಣ್ಣು ಅರಳುತ್ತದೆ. ಆಚೆ ಮನೆಮಾತಿನವರು ಕನ್ನಡದ ದೊಡ್ಡ ಆಸ್ತಿಯಾಗಬಹುದಾದರೆ, ಈಚೆ ಮನೆಮಾತಿನ ಹುಡುಗಿ ತಮಿಳು ಕಾದಂಬರಿಗೆ ಕಣ್ಣೀರು ಹಾಕಿದರೆ ಯಾರ ಕಡೆಯವಳು ಅಂತ ಕೇಳುವುದು ಯಾಕೆ?

ಕಂಚಿಯ ಕಂಬ

ಮೂರನೇ ಭಾನುವಾರ ಒಂದು ಸಂಗತಿಯನ್ನು ಮಕ್ಕಳ ಮುಂದೆ ಇಟ್ಟೆ. ಅದು ಯಾವ ಕಾದಂಬರಿಗಿಂತಲೂ ಚೆನ್ನಾಗಿದೆ ಅಂತ ನನಗೆ ಯಾವತ್ತೂ ಅನ್ನಿಸಿದೆ.

ವಾತಾಪಿ ಬಿದ್ದ ಮೇಲೆ ಪುಲಿಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಊರನ್ನು ಮರಳಿ ಪಡೆದ. ಅದಾಗಿ ಎರಡು ತಲೆಮಾರು ಕಳೆದಮೇಲೆ ಇಮ್ಮಡಿ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ, 733ರಲ್ಲಿ. ಅವನು ಕಂಚಿಯನ್ನು ಗೆದ್ದ. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಬೇಕಾ? ಅಜ್ಜನ ಅಜ್ಜನ ಬೆನ್ನಿನ ಮೇಲೆ ಅಕ್ಷರ ಬರೆದೆವು ಅಂತ ಹೇಳಿಕೊಂಡವರ ಊರು ಅದು. ಅವನು ಕಂಚಿಯ ಕೈಲಾಸನಾಥ ಗುಡಿಗೆ ಹೋದ. ಅಲ್ಲಿನ ಸಂಪತ್ತು ನೋಡಿದ. ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟ. ಹಾಗೆ ಬಿಟ್ಟುಕೊಟ್ಟದ್ದನ್ನು ಅಲ್ಲೇ ಮಂಟಪದ ಒಂದು ಕಂಬದ ಮೇಲೆ ಕೆತ್ತಿಸಿದ. ಕನ್ನಡದಲ್ಲಿ.

ಅವನ ರಾಣಿ ಲೋಕಮಹಾದೇವಿ ಈ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಈಗ ವಿರೂಪಾಕ್ಷ ಅಂತ ಕರೆಯುವ ಗುಡಿ ಕಟ್ಟಿಸಿದಳು. ಕಂಚಿಯ ಆ ಗುಡಿಯ ಕಟ್ಟೋಣದ ಛಾಯೆ ಇದರಲ್ಲಿ ಎದ್ದು ಕಾಣುತ್ತದೆ. ಸೋತ ಊರಿನ ಚಂದವನ್ನು ಗೆದ್ದವರು ಮನೆಗೆ ತಂದು ಕಲ್ಲಿನಲ್ಲಿ ಕಟ್ಟಿದರು.

ಎರಡೂ ಗುಡಿಯ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಮೊಬೈಲು ಕೈಯಿಂದ ಕೈಗೆ ಹೋಯಿತು. ಅಜ್ಜಿ ಕನ್ನಡಕ ಹಾಕಿಕೊಂಡು, ತೆರೆಯನ್ನು ಸೆರಗಿನಲ್ಲಿ ಒರೆಸಿ ನೋಡಿದರು. 'ಆ ಕಂಬದ ಬರಹ ಕನ್ನಡದ್ದೇ ಅಂತೀರಾ ಬುದ್ಧಿ?' ಎಂದರು. ಹೌದು ಎಂದೆ. 'ಇನ್ನೂ ಅಳಿಸಿಲ್ವಾ ಅವರು?' ಎಂದರು. ಇಲ್ಲ ಅಜ್ಜಿ, ಹನ್ನೆರಡು ನೂರು ವರ್ಷದ ಮೇಲಾಯಿತು, ಅಲ್ಲೇ ಇದೆ ಎಂದೆ. ಅಜ್ಜಿ ಮೊಬೈಲು ವಾಪಸು ಕೊಟ್ಟು, ಮೊಮ್ಮಗಳ ಕಡೆ ತಿರುಗಿ, 'ಆ ಶಿವಕಾಮಿ ಕೊನೇಲಿ ಏನಾದ್ಲೇ?' ಅಂದರು.

ಆಗ ಗೊತ್ತಾಯಿತು, ಓದು ನಿಲ್ಲಿಸಿದ ದಿನದಿಂದ ಅಜ್ಜಿಯ ತಲೆಯಲ್ಲಿ ಆ ಹುಡುಗಿ ವಾತಾಪಿಯ ಬೀದಿಯಲ್ಲೇ ನಿಂತಿದ್ದಳು.

ಆಮೇಲೆ

ಮೂರನೇ ಭಾಗದ ಉಳಿದ ಪುಟಗಳನ್ನೂ ನಾಲ್ಕನೇ ಭಾಗವನ್ನೂ ಅಜ್ಜಿ ಮೊಮ್ಮಗಳು ಮುಗಿಸಿದರು. ನರಸಿಂಹವರ್ಮ ಒಂಬತ್ತು ವರ್ಷದ ನಂತರ ಬಂದು ವಾತಾಪಿ ಗೆದ್ದ. ಅಷ್ಟರಲ್ಲಿ ಅವನಿಗೆ ಪಾಂಡ್ಯರ ರಾಜಕುಮಾರಿಯ ಜತೆ ಮದುವೆಯಾಗಿತ್ತು. ಶಿವಕಾಮಿ ತನ್ನ ಕುಣಿತವನ್ನು ಕಂಚಿಯ ಶಿವ ಏಕಾಂಬರನಾಥನಿಗೆ ಒಪ್ಪಿಸಿಬಿಟ್ಟಳು. ಇದನ್ನು ಕೇಳಿದ ಅಜ್ಜಿಯ ಸಿಟ್ಟು ಪುಲಿಕೇಶಿಯನ್ನು ಬಿಟ್ಟು ನರಸಿಂಹವರ್ಮನ ಕಡೆ ತಿರುಗಿತಂತೆ. 'ಊರು ಸುಟ್ಟು ಏನು ಬಂತು, ಹೆಣ್ಣಿನ ಬಾಳು ಸುಟ್ಟ' ಎಂದು ಎರಡು ದಿನ ಬೈದರಂತೆ. ರಾಜ್‌ಕುಮಾರ್ ಪುಲಿಕೇಶಿಯ ಮೇಲಿನ ಅಭಿಮಾನ ಮಾತ್ರ ಎಳ್ಳಷ್ಟೂ ಕಡಿಮೆಯಾಗಿಲ್ಲ. ಆಗಬೇಕು ಅಂತ ನಾನೂ ಬಯಸಿದವನಲ್ಲ.

ಹುಡುಗಿ ಈಗ ತಾನೇ ಒಂದು ಕತೆ ಬರೆಯುತ್ತಿದ್ದಾಳೆ. ಕಂಚಿಯ ಆ ಕಂಬಕ್ಕೆ ಕನ್ನಡ ಅಕ್ಷರ ಕೆತ್ತಲು ಹೋದ ಬಾದಾಮಿಯ ಕಲ್ಲುಕುಟಿಗ, ಅವನಿಗೆ ದಿನಾ ನೀರು ತಂದುಕೊಡುವ ಕಂಚಿಯ ಹುಡುಗಿ. ಹೋದ ವಾರ ನೋಟ್‌ಬುಕ್ ತಂದು ತೋರಿಸಿದಳು. ಮೂರು ಪುಟ ಆಗಿದೆ. ಮೂರನೇ ಪುಟದಲ್ಲಿ ಅವನು ಮೊದಲ ಸಲ ನೀರು ಕೇಳಬೇಕು. 'ತಣ್ಣಿ' ಅಂತ ಬರೆದು ಹೊಡೆದುಹಾಕಿದ್ದಾಳೆ. 'ನೀರು' ಅಂತ ಬರೆದು ಅದನ್ನೂ ಹೊಡೆದುಹಾಕಿದ್ದಾಳೆ. ಅದರ ಕೆಳಗೆ, ಅವನು ಉಳಿ ಕೆಳಗಿಟ್ಟು ಎರಡೂ ಕೈ ಬೊಗಸೆ ಮಾಡಿ ಹಿಡಿದ ಅಂತ ಬರೆದಿದ್ದಾಳೆ.